ಪದಚರ್ಚೆ: ವಿಜ್ಞಾನಿ ‘ನಂಬುತ್ತಾನೆ’ಯೋ, ‘ಒಪ್ಪುತ್ತಾನೆ’ಯೋ?

ಬಳಗದ ಎಲ್ಲರಿಗೂ ಉಡುಪಿಯಿಂದ ನಮಸ್ಕಾರ.

ದೇವರು, ಧರ್ಮ ಇವುಗಳ ವಿಷಯದಲ್ಲಿ ವಿಜ್ಞಾನಿಗಳ ನಿಲುವೇನು ಎಂಬುದನ್ನು ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಒಂದೇ ಒಂದು ಕ್ರಿಯಾಪದದ ಎದುರು ನಾಲ್ಕು ದಿನಗಳಿಂದ ಬರವಣಿಗೆ ನಿಂತಿದೆ. ಆ ಪದ ‘ನಂಬು’.

2009ರಲ್ಲಿ, ಜನಾಭಿಪ್ರಾಯ ಸಮೀಕ್ಷೆಗಳನ್ನು ಮಾಡುವ ಪ್ಯೂ ಸಂಶೋಧನಾ ಕೇಂದ್ರ ಅಮೆರಿಕದ ವಿಜ್ಞಾನಿಗಳ ಸಮೀಕ್ಷೆ ನಡೆಸಿತು. ನೂರಕ್ಕೆ 33 ಮಂದಿ ದೇವರನ್ನು ನಂಬುತ್ತೇವೆ ಎಂದರು. 18 ಮಂದಿ, ದೇವರು ಎನ್ನಲಾರೆವು, ಏನೋ ಒಂದು ಶಕ್ತಿ ಇದೆ ಎಂದರು. (ಈ ‘ಏನೋ ಒಂದು ಶಕ್ತಿ’ ನಮ್ಮ ಮನೆಮನೆಯ ಮಾತು, ಇದಕ್ಕಾಗಿ ನಿಘಂಟು ತೆರೆಯಬೇಕಾಗಲಿಲ್ಲ.) 41 ಮಂದಿ ಎರಡೂ ಇಲ್ಲ ಎಂದರು. ಅಲ್ಲಿನ ಜನಸಾಮಾನ್ಯರಲ್ಲಿ ದೇವರನ್ನು ನಂಬುವವರು ನೂರಕ್ಕೆ 83. ಅದೇ ಸಮೀಕ್ಷೆಯಲ್ಲಿ, ಮನುಷ್ಯ ಕಾಲಕ್ರಮದಲ್ಲಿ ವಿಕಾಸಗೊಂಡು ಬಂದವನು ಎಂದ ವಿಜ್ಞಾನಿಗಳು 97 ಮಂದಿ.

ಮೊದಲ ಕರಡಿನಲ್ಲಿ ನಾನು ‘33 ಮಂದಿ ದೇವರನ್ನು ನಂಬುತ್ತಾರೆ, 97 ಮಂದಿ ವಿಕಾಸವನ್ನು ನಂಬುತ್ತಾರೆ’ ಎಂದು ಬರೆದಿದ್ದೆ. ಓದಿ ನೋಡಿದಾಗ ಎದೆ ಧಸಕ್ಕೆಂದಿತು. ಒಂದು ಗುಡಿಗೆ ಕಡಿಮೆ ಜನ, ಪಕ್ಕದ ಗುಡಿಗೆ ಹೆಚ್ಚು ಜನ ಹೋದ ಲೆಕ್ಕದಂತಿತ್ತು ಅದು. ಮಗು ಹಾಗೆ ಓದಿಕೊಂಡರೆ ತಪ್ಪು ನನ್ನದೇ.

‘ನಂಬು’ ಎಂಬುದಕ್ಕೆ ನಮ್ಮ ಕಡೆ ಎಷ್ಟು ಆಳವಿದೆ ನೋಡಿ. ಮಲ್ಪೆಯಲ್ಲಿ ಕಡಲನ್ನೇ ನಂಬಿ ಬದುಕಿದ ಕುಟುಂಬಗಳಿವೆ ಎನ್ನುತ್ತೇವೆ. ಕಡಲು ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಆ ಮಾತಿನಲ್ಲಿಲ್ಲ. ‘ನಾವು ನಂಬಿಕೊಂಡು ಬಂದ ದೈವ’ ಎನ್ನುವ ಮನೆಯವರು ದೈವದ ಅಸ್ತಿತ್ವದ ಬಗ್ಗೆ ಅಭಿಪ್ರಾಯ ಕೊಡುತ್ತಿಲ್ಲ. ದೀಪ ಇಟ್ಟಿದ್ದೇವೆ, ವರ್ಷಕ್ಕೊಮ್ಮೆ ತಂಬಿಲ (ದೈವಕ್ಕೆ ಸಲ್ಲಿಸುವ ಪೂಜೆ) ತಪ್ಪಿಸಿಲ್ಲ, ಅದು ನಮ್ಮ ಕೈ ಬಿಟ್ಟಿಲ್ಲ ಎನ್ನುತ್ತಿದ್ದಾರೆ. ತುಳುವಿನಲ್ಲಿ ದೈವಗಳನ್ನು ‘ಸತ್ಯೊಲು’ ಎಂದೇ ಕರೆಯುತ್ತಾರೆ. ಅಂದಮೇಲೆ ‘ಸತ್ಯವನ್ನು ಹುಡುಕುವುದು ವಿಜ್ಞಾನ’ ಎಂದು ಬರೆಯುವಾಗಲೂ ನಾನು ಕೊಂಚ ತಡೆದು ಯೋಚಿಸಬೇಕು!

2019ರ ಡಿಸೆಂಬರ್ 26ರ ಕಂಕಣ ಗ್ರಹಣ ನೆನಪಾಗುತ್ತದೆ. ಆ ಬೆಳಿಗ್ಗೆ ಮಂಗಳೂರಿನಲ್ಲಿ ಅಕ್ಕನ ಮನೆಯಲ್ಲಿದ್ದೆ. ಅಮ್ಮ ಹಾಲಿನ ಪಾತ್ರೆಗೆ, ಉಪ್ಪಿನಕಾಯಿ ಭರಣಿಗೆ ದರ್ಭೆ ಹಾಕಿಟ್ಟಿದ್ದರು. ಅಂಗಳದಲ್ಲಿ ಮಾವಿನ ಎಲೆಗಳ ಸಂದಿಯಿಂದ ಬಿದ್ದ ಬೆಳಕಿನ ಚುಕ್ಕಿಗಳೆಲ್ಲ ಒಮ್ಮೆಗೇ ಪುಟ್ಟ ಪುಟ್ಟ ಬಳೆಗಳಾದವು. ಅಮ್ಮ ಹೊಸ್ತಿಲೊಳಗೆ ನಿಂತೇ ಅದನ್ನು ಕಣ್ತುಂಬ ನೋಡಿದರು. ಗ್ರಹಣ ಬಿಟ್ಟ ಮೇಲೆ ನನಗೆ, “ನೀನು ಗ್ರಹಣವನ್ನು ನಂಬುವವನಲ್ಲ, ಆದರೂ ಸ್ನಾನ ಮಾಡಿ ಒಳಗೆ ಬಾ” ಎಂದರು. ಚಂದ್ರ ಸೂರ್ಯನಿಗೆ ಅಡ್ಡ ಬಂದದ್ದರಲ್ಲಿ ನಮ್ಮಿಬ್ಬರಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಹೊತ್ತು ಗೊತ್ತು ಅವರ ಪಂಚಾಂಗದಲ್ಲೂ ಇತ್ತು. ಅಮ್ಮನ ‘ನಂಬು’ ಎಂದರೆ ಆಚರಿಸು, ನಡೆದುಕೊಳ್ಳು.

ಈ ಅರ್ಥ ಬಹಳ ಹಳೆಯದಿರಬೇಕು. ತಮಿಳಿನ ಪ್ರಾಚೀನ ವ್ಯಾಕರಣ ಗ್ರಂಥ ತೊಲ್ಕಾಪ್ಪಿಯಂ ‘ನಂಬು’ವಿಗೆ ಬಯಕೆ ಎಂಬ ಅರ್ಥ ಹೇಳುತ್ತದೆ. ತೆಲುಗಿನ ‘ನಮ್ಮು’ ಇದರ ಒಡಹುಟ್ಟು. ಬುದ್ಧಿಗಿಂತ ಮೊದಲು ಮನಸ್ಸು ಹೋಗಿ ನೆಲೆ ನಿಲ್ಲುವ ಪದ ಇದು ಎಂದು ನನಗೆ ತೋರುತ್ತದೆ.

ಹಾಗಾಗಿ ವಿಜ್ಞಾನದ ಮಾತಿಗೆ ‘ಒಪ್ಪು’ ಬಳಸಬೇಕು ಎಂಬುದು ನನ್ನ ವಾದ. ಒಪ್ಪಬೇಕಾದರೆ ಕಾರಣ ಬೇಕು, ಕಾರಣ ಬಿದ್ದರೆ ಒಪ್ಪಿಗೆಯೂ ಬೀಳುತ್ತದೆ. ಕನ್ನಡದಲ್ಲಿ ‘ನಂಬಿಕೆದ್ರೋಹ’ ಇದೆ, ‘ಒಪ್ಪಿಗೆದ್ರೋಹ’ ಇಲ್ಲ. ನಿನ್ನೆ ಒಪ್ಪಿದ್ದನ್ನು ಇಂದು ಹೊಸ ಸಾಕ್ಷ್ಯ ನೋಡಿ ಬಿಟ್ಟ ವಿಜ್ಞಾನಿ ಯಾರಿಗೂ ದ್ರೋಹ ಬಗೆದಂತಾಗುವುದಿಲ್ಲ. ನಮ್ಮ ಭಾಷೆ ಈ ವ್ಯತ್ಯಾಸವನ್ನು ಎಂದೋ ಮಾಡಿಟ್ಟಿದೆ, ಬಳಸದೆ ಕೆಡಿಸುತ್ತಿರುವವರು ನಾವು.

1979ರ ಭೌತಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಇಬ್ಬರನ್ನು ಲೇಖನದಲ್ಲಿ ತಂದಿದ್ದೇನೆ. ಅಬ್ದುಸ್ ಸಲಾಂ ಶ್ರದ್ಧಾವಂತ ಮುಸ್ಲಿಂ, ಸ್ಟಾಕ್‌ಹೋಮ್‌ನ ಔತಣಕೂಟದ ಭಾಷಣದಲ್ಲೇ ಕುರಾನಿನ ಸಾಲುಗಳನ್ನು ಉದ್ಧರಿಸಿದವರು. ಸ್ಟೀವನ್ ವೈನ್‌ಬರ್ಗ್ ದೇವರಿಲ್ಲ ಎಂದು ಬಹಿರಂಗವಾಗಿ ಹೇಳುತ್ತಿದ್ದವರು. ವಿದ್ಯುತ್ಕಾಂತ ಬಲ, ದುರ್ಬಲ ಬಲ ಎಂಬ ನಿಸರ್ಗದ ಎರಡು ಮೂಲಬಲಗಳನ್ನು ಒಂದೇ ಸೂತ್ರಕ್ಕೆ ತಂದ ತಮ್ಮ ಸಿದ್ಧಾಂತವನ್ನು ಇಬ್ಬರೂ ಒಪ್ಪಿದ್ದು ಒಂದೇ ಕಾರಣಕ್ಕೆ, ಅದಕ್ಕಿದ್ದ ಸಾಕ್ಷ್ಯಕ್ಕೆ. 1983ರಲ್ಲಿ ಯುರೋಪಿನ ಕಣಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನಲ್ಲಿ, ಆ ಸಿದ್ಧಾಂತ ಮೊದಲೇ ಹೇಳಿದ್ದ ಡಬ್ಲ್ಯು ಮತ್ತು ಝಡ್ ಕಣಗಳು ಕಾಣಿಸಿಕೊಂಡಾಗ ಆ ಒಪ್ಪಿಗೆ ಇನ್ನಷ್ಟು ಗಟ್ಟಿಯಾಯಿತು. ಇಬ್ಬರ ಹಾದಿ ಬೇರೆಯಾಗುವುದು ‘ನಂಬು’ ಎಂಬಲ್ಲಿ ಮಾತ್ರ. ಕ್ರಿಯಾಪದ ಒಂದೇ ಆದರೆ ಈ ಚಿತ್ರ ಮಕ್ಕಳಿಗೆ ಕಾಣುವುದೇ ಇಲ್ಲ.

ಪದ ಬದಲಿಸಿದರೆ ವಿರೋಧವೇ ಕರಗಿಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ. ಭೂಮಿ ಚಲಿಸುತ್ತದೆ ಎಂದು ಪ್ರತಿಪಾದಿಸಿದ್ದಕ್ಕೆ 1633ರಲ್ಲಿ ಗೆಲಿಲಿಯೊ ರೋಮಿನಲ್ಲಿ ವಿಚಾರಣೆಗೆ ನಿಲ್ಲಬೇಕಾಯಿತು. ಒಪ್ಪಿಗೆಯಿಂದ ತೀರ್ಮಾನವಾಗಬೇಕಾದದ್ದನ್ನು ನಂಬಿಕೆಯ ಹೆಸರಿನಲ್ಲಿ ತೀರ್ಮಾನಿಸಹೊರಟ ಕಡೆ ಘರ್ಷಣೆ ಇದ್ದೇ ಇರುತ್ತದೆ.

‘ವಿಕಾಸವಾದ’ ಎಂಬುದನ್ನೂ ಕೈಬಿಟ್ಟಿದ್ದೇನೆ. ‘ವಾದ’ ಸೇರಿದ ಕೂಡಲೇ ಅದು ಒಂದು ಪಂಗಡದ ಮಾತಾಗುತ್ತದೆ. ‘ವಿಕಾಸ ಸಿದ್ಧಾಂತ’ ವಾಸಿ, ಆದರೆ ಮಧ್ವಸಿದ್ಧಾಂತದ ಈ ಊರಿನಲ್ಲಿ ‘ಸಿದ್ಧಾಂತ’ ಎಂದರೆ ಪೂರ್ವಪಕ್ಷವನ್ನೆಲ್ಲ (ಎದುರಾಳಿಯ ವಾದವನ್ನೆಲ್ಲ) ಖಂಡಿಸಿ ಕೊನೆಗೆ ಸ್ಥಾಪಿಸಿದ ನಿರ್ಣಯ. ವಿಜ್ಞಾನದ ಸಿದ್ಧಾಂತಕ್ಕೆ ಆ ಕೊನೆಯಿಲ್ಲ. ಸದ್ಯಕ್ಕೆ ಇದನ್ನೇ ಇಟ್ಟುಕೊಂಡಿದ್ದೇನೆ.

ಉಳಿದಿರುವ ತೊಡಕು ಐನ್‌ಸ್ಟೈನ್ ಅವರದು. ದೇವರನ್ನು ನಂಬುತ್ತೀರಾ ಎಂದು 1929ರಲ್ಲಿ ನ್ಯೂಯಾರ್ಕಿನ ಯಹೂದಿ ಗುರುವೊಬ್ಬರು ತಂತಿ ಕಳಿಸಿ ಕೇಳಿದಾಗ, ಇರುವುದೆಲ್ಲದರ ಸುಸಂಗತಿಯಲ್ಲಿ ತೋರಿಬರುವ, ತತ್ತ್ವಜ್ಞಾನಿ ಸ್ಪಿನೋಜಾನ ದೇವರನ್ನು ಮಾತ್ರ, ಮನುಷ್ಯರ ಆಗುಹೋಗುಗಳಲ್ಲಿ ಕೈಹಾಕುವ ದೇವರನ್ನಲ್ಲ ಎಂಬ ಅರ್ಥದ ಉತ್ತರ ಕೊಟ್ಟರು. ಇಲ್ಲಿ ‘ನಂಬುತ್ತೇನೆ’ ಎಂದರೆ ಅವರು ದೀಪ ಹಚ್ಚಿ ಕೈಮುಗಿದಂತೆ ಕೇಳುತ್ತದೆ, ‘ಒಪ್ಪುತ್ತೇನೆ’ ಎಂದರೆ ಅವರ ಭಕ್ತಿಯೇ ಸೋರಿಹೋಗುತ್ತದೆ. ‘ದೇವರಿದ್ದಾನೆ ಎಂದು ಎಣಿಸುತ್ತೇನೆ’ ಎಂದು ಬರೆದರೆ ನನ್ನ ಕಿವಿಗೆ ಹಿತವಾಗಿದೆ, ಸಮೀಕ್ಷೆಯ ಪ್ರಶ್ನೆಗೂ ಹೊಂದುತ್ತದೆ. ಕರಾವಳಿಯಲ್ಲಿ ‘ಎಣಿಸು’ ಎಂದರೆ ಭಾವಿಸು. ಘಟ್ಟದ ಮೇಲಿನ ಮಕ್ಕಳಿಗೆ, ಮೈಸೂರು, ಧಾರವಾಡ, ಕಲಬುರಗಿಯ ಕಡೆಯವರಿಗೆ, ಅದು ಲೆಕ್ಕ ಹಾಕು ಎಂದಷ್ಟೇ ಕೇಳುತ್ತದೆಯೇ? ಅಲ್ಲಿ ಬೇರೆ ಮಾತಿದ್ದರೆ, ದಯವಿಟ್ಟು ಬಳಕೆಯ ಒಂದು ವಾಕ್ಯದೊಡನೆ ತಿಳಿಸಿ.