ಡ್ಯಾಶ್‌ಕ್ಯಾಮ್‌ಗೆ ಕರೆಂಟ್ ಎಲ್ಲಿಂದ ತಗೊಳ್ಳೋದು? ಆಟೋ ಎಲೆಕ್ಟ್ರಿಷಿಯನ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಬನಶಂಕರಿಯ ಸದಸ್ಯರು):
ನಮಸ್ಕಾರ ಅಣ್ಣ. ನಮ್ಮದು ಪೆಟ್ರೋಲ್ ಹ್ಯಾಚ್‌ಬ್ಯಾಕ್, ವಾರಂಟಿ ಇನ್ನೂ ಇದೆ. ಮುಂದೆ, ಹಿಂದೆ ಎರಡೂ ಕಡೆ ರೆಕಾರ್ಡ್ ಆಗುವ ಡ್ಯಾಶ್‌ಕ್ಯಾಮ್ ತಗೊಂಡಿದ್ದೇನೆ. ಸದ್ಯಕ್ಕೆ ಸಿಗರೇಟ್ ಸಾಕೆಟ್‌ಗೆ ಸಿಕ್ಕಿಸಿದ್ದೇನೆ. ವೈರ್ ಗೇರ್ ಹತ್ತಿರ ಜೋತಾಡುತ್ತದೆ, ಫೋನ್ ಚಾರ್ಜ್ ಮಾಡೋಕೆ ಜಾಗ ಇಲ್ಲ. ರಾತ್ರಿ ಗಾಡಿ ರಸ್ತೆಯಲ್ಲೇ ನಿಲ್ಲುತ್ತದೆ, ಹಾಗಾಗಿ ಪಾರ್ಕಿಂಗ್ ಮೋಡ್, ಅಂದರೆ ಗಾಡಿ ನಿಂತಿದ್ದಾಗಲೂ ಕ್ಯಾಮೆರಾ ಕಾವಲು ಕಾಯೋದು, ಕೂಡ ಬೇಕು. ಜೆಸಿ ರೋಡ್‌ನಲ್ಲಿ ವಿಚಾರಿಸಿದೆ. ಒಬ್ಬರು "ಸ್ಟೀರಿಯೋ ಹಿಂದಿನ ವೈರ್‌ಗೆ ಜಾಯಿಂಟ್ ಹೊಡೆದು ಕೊಡ್ತೀವಿ, ಹತ್ತು ನಿಮಿಷದ ಕೆಲಸ" ಅಂದರು. ಇನ್ನೊಬ್ಬರು ಫ್ಯೂಸ್ ಬಾಕ್ಸ್‌ನಿಂದಲೇ ತಗೊಳ್ಳಬೇಕು ಅಂದರು. ಯಾವುದು ಸರಿ? ಬ್ಯಾಟರಿ ಇಳಿದುಹೋಗುತ್ತಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ವಿಲ್ಸನ್ ಗಾರ್ಡನ್):
ಫ್ಯೂಸ್ ಬಾಕ್ಸ್ ಅಂದವರ ಮಾತು ಕೇಳಿ ಸರ್. ಕಂಪನಿಯಿಂದ ಬಂದ ವೈರ್‌ನ ಸಿಪ್ಪೆ ಸುಲಿಯೋಕೆ ಯಾರನ್ನೂ ಬಿಡಬೇಡಿ. ಹತ್ತು ನಿಮಿಷದ ಜಾಯಿಂಟ್ ಅಂದರೆ ಬ್ಲೇಡಿನಲ್ಲಿ ವೈರ್ ಕೆರೆದು, ಹೊಸ ವೈರ್ ಸುತ್ತಿ, ಮೇಲೆ ಟೇಪ್ ಹಾಕೋದು. ಮೊನ್ನೆ ನನ್ನ ಹತ್ತಿರ ಅಂಥದ್ದೇ ಒಂದು ಗಾಡಿ ಬಂದಿತ್ತು. ಸ್ಟೀರಿಯೋ ಬಿಚ್ಚಿ ನೋಡಿದರೆ ಟೇಪಿನ ಗೋಂದು ಬಿಸಿಲಿಗೆ ಕರಗಿ ಅಂಟಂಟಾಗಿತ್ತು. ಟೇಪ್ ಅರ್ಧ ಇಂಚು ಪಕ್ಕಕ್ಕೆ ಜಾರಿ ಒಳಗಿನ ತಾಮ್ರ ಕಾಣುತ್ತಿತ್ತು. ಪಕ್ಕದಲ್ಲೇ ಲೋಹದ ಬ್ರಾಕೆಟ್. ಎರಡೂ ತಾಗಿದರೆ ಫ್ಯೂಸ್ ಹೋಗುತ್ತದೆ. ಫ್ಯೂಸ್ ಹೋಯಿತು ಅಂತ ಯಾರಾದರೂ ದೊಡ್ಡ ಫ್ಯೂಸ್ ಹಾಕಿಬಿಟ್ಟರೆ ಆಮೇಲೆ ವೈರೇ ಸುಡುತ್ತದೆ. ವಾರಂಟಿ ಇರುವ ಗಾಡಿಯಲ್ಲಿ ಕತ್ತರಿಸಿದ ವೈರ್ ಕಂಡರೆ ಎಲೆಕ್ಟ್ರಿಕಲ್ ಕ್ಲೇಮ್‌ಗೆ ತಕರಾರು ಬರುತ್ತದೆ, ಅದು ಬೇರೆ.

ನಿಮಗೆ ಬೇಕಿರೋದು ಹಾರ್ಡ್‌ವೈರ್ ಕಿಟ್. ಗಾಡಿಯ 12 ವೋಲ್ಟನ್ನು 5 ವೋಲ್ಟಿಗೆ ಇಳಿಸಿ ಕ್ಯಾಮೆರಾಗೆ ಕೊಡುತ್ತದೆ. ಸಾಮಾನ್ಯವಾಗಿ ಅದರಲ್ಲಿ ಮೂರು ವೈರ್ ಇರುತ್ತವೆ. ಕೆಂಪು ಎಸಿಸಿಗೆ, ಅಂದರೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಫ್ಯೂಸ್‌ಗೆ. ಹಳದಿ ಯಾವಾಗಲೂ ಕರೆಂಟ್ ಇರುವ ಫ್ಯೂಸ್‌ಗೆ. ಕಪ್ಪು ಬಾಡಿ ಅರ್ಥಿಂಗ್‌ಗೆ. ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗಬಹುದು, ವೈರ್ ಮೇಲಿನ ಚೀಟಿ ಓದಿಕೊಳ್ಳಿ.

ಕೆಂಪು, ಹಳದಿ ಎರಡಕ್ಕೂ ಫ್ಯೂಸ್ ಟ್ಯಾಪ್ ಬಳಸಿ. ಹಳೆ ಫ್ಯೂಸ್ ತೆಗೆದು ಅದೇ ಗೂಡಿಗೆ ಟ್ಯಾಪ್ ಚುಚ್ಚಬೇಕು. ಟ್ಯಾಪ್‌ನಲ್ಲಿ ಎರಡು ಮನೆ ಇರುತ್ತವೆ. ಒಂದಕ್ಕೆ ಹಳೆ ಫ್ಯೂಸ್, ಇನ್ನೊಂದಕ್ಕೆ ಕ್ಯಾಮೆರಾದ ಫ್ಯೂಸ್, 2 ಅಥವಾ 3 ಆಂಪ್ ಸಾಕು. ಕೊಳ್ಳುವ ಮೊದಲು ನಿಮ್ಮ ಗಾಡಿಯ ಒಂದು ಫ್ಯೂಸ್ ಕೈಯಲ್ಲಿ ಹಿಡಿದುಕೊಂಡು ಹೋಗಿ. ಮಿನಿ, ಲೋ ಪ್ರೊಫೈಲ್ ಮಿನಿ, ಮೈಕ್ರೋ 2 ಅಂತ ಅಳತೆಗಳು ಬೇರೆ ಬೇರೆ. ಅಳತೆ ತಪ್ಪಿದ್ದನ್ನು ಒತ್ತಿ ಕೂರಿಸಿದರೆ ಗೂಡಿನ ಕ್ಲಿಪ್ ಸಡಿಲವಾಗುತ್ತದೆ.

ಟ್ಯಾಪ್ ಅನ್ನು ಯಾವ ದಿಕ್ಕಿಗೆ ಚುಚ್ಚುತ್ತೀರಿ ಅನ್ನೋದು ಮುಖ್ಯ. ಇದನ್ನು ಅಂಗಡಿಗಳಲ್ಲೂ ಎಷ್ಟೋ ಜನ ನೋಡೋದಿಲ್ಲ. ಫ್ಯೂಸ್ ತೆಗೆದ ಮೇಲೆ ಗೂಡಿನಲ್ಲಿ ಎರಡು ಸೀಳು ಕಾಣುತ್ತವೆ. ಒಂದು ಬ್ಯಾಟರಿ ಕಡೆಯದು, ಇನ್ನೊಂದು ಲೋಡ್ ಕಡೆಯದು, ಅಂದರೆ ಕರೆಂಟ್ ಬಳಸುವ ಸಾಮಾನಿನ ಕಡೆಯದು. ಮಲ್ಟಿಮೀಟರ್‌ನ ಕಪ್ಪು ಮುಳ್ಳು ಬಾಡಿಗೆ, ಕೆಂಪು ಮುಳ್ಳು ಒಂದೊಂದು ಸೀಳಿಗೆ ಇಟ್ಟು ನೋಡಿ. 12 ತೋರಿಸುವುದು ಬ್ಯಾಟರಿ ಕಡೆ. ಟ್ಯಾಪ್‌ನ ಎರಡು ಕಾಲುಗಳಲ್ಲಿ ಒಂದು ಮಾತ್ರ ಎರಡೂ ಫ್ಯೂಸ್‌ಗೆ ಸೇರಿರುತ್ತದೆ. ಆ ಕಾಲು ಬ್ಯಾಟರಿ ಕಡೆ ಕೂರಬೇಕು. ಆಗ ಎರಡೂ ಸರ್ಕ್ಯೂಟ್ ತಮ್ಮ ತಮ್ಮ ಫ್ಯೂಸ್ ಮೂಲಕ ಬೇರೆ ಬೇರೆಯಾಗಿ ನಡೆಯುತ್ತವೆ. ಉಲ್ಟಾ ಕೂರಿಸಿದರೂ ಕ್ಯಾಮೆರಾ ಆನ್ ಆಗುತ್ತದೆ. ಆದರೆ ಅದರ ಕರೆಂಟೂ ಹಳೆ ಫ್ಯೂಸ್ ಮೂಲಕವೇ ಹೋಗುತ್ತದೆ. ಹಳೆ ಫ್ಯೂಸ್ ಹೋದರೆ ಕ್ಯಾಮೆರಾನೂ ಆಫ್.

ಏರ್‌ಬ್ಯಾಗ್, ಎಬಿಎಸ್ (ಬ್ರೇಕಿನದು), ಎಂಜಿನ್ ಇಸಿಯು (ಎಂಜಿನ್ನಿನ ಕಂಪ್ಯೂಟರ್), ಹೆಡ್‌ಲೈಟ್ ಫ್ಯೂಸ್ ಮುಟ್ಟಲೇಬೇಡಿ. ಸಾಕೆಟ್, ಸ್ಟೀರಿಯೋ, ಹಿಂದಿನ ವೈಪರ್ ಇಂಥವು ಆಗಬಹುದು. ಯಾವಾಗಲೂ ಕರೆಂಟ್ ಬೇಕಾದ ಕಡೆಗೆ ಒಳಗಿನ ದೀಪದ ಫ್ಯೂಸ್ ನೋಡಿ.

ಅರ್ಥಿಂಗ್‌ಗೆ ಡ್ಯಾಶ್ ಕೆಳಗೆ ನೇರವಾಗಿ ಬಾಡಿ ಲೋಹಕ್ಕೆ ಹೋಗಿರುವ ಬೋಲ್ಟ್ ಹುಡುಕಿ. ಪೇಂಟ್ ಬಳಿದ ಬೋಲ್ಟ್, ಪ್ಲಾಸ್ಟಿಕ್ ಹಿಡಿದಿರುವ ಸ್ಕ್ರೂ ಬೇಡ. ಕ್ಯಾಮೆರಾ ಸುಮ್ನೆ ಸುಮ್ನೆ ರೀಸ್ಟಾರ್ಟ್ ಆಗುತ್ತಿದೆ ಅಂತ ಬರುವವರಲ್ಲಿ ಜಾಸ್ತಿ ಜನರದ್ದು ಅರ್ಥಿಂಗ್ ಸಡಿಲ ಇರುತ್ತದೆ.

ಈಗ ಬ್ಯಾಟರಿ ವಿಷಯ. ನಿಮ್ಮ ಕ್ಯಾಮೆರಾ ಪಾರ್ಕಿಂಗ್ ಮೋಡ್‌ನಲ್ಲಿ 12 ವೋಲ್ಟ್ ಕಡೆಯಿಂದ 0.3 ಆಂಪ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ಹತ್ತು ಗಂಟೆಗೆ 3 ಆಂಪ್ ಅವರ್. ಬ್ಯಾಟರಿ 35 ಆಂಪ್ ಅವರ್ ಇದ್ದರೆ ಒಂದು ರಾತ್ರಿಗೆ ತೊಂದರೆ ಇಲ್ಲ. ಮೂರು ದಿನ ಗಾಡಿ ತೆಗೆಯದಿದ್ದರೆ 21 ದಾಟುತ್ತದೆ, ಅಂದರೆ ಅರ್ಧಕ್ಕಿಂತ ಜಾಸ್ತಿ. ಅದಕ್ಕೇ ಕಿಟ್‌ನಲ್ಲಿ ಲೋ ವೋಲ್ಟೇಜ್ ಕಟ್ ಆಫ್ ಇರುತ್ತದೆ, ಬ್ಯಾಟರಿ ನಾವಿಟ್ಟ ವೋಲ್ಟಿಗೆ ಇಳಿದರೆ ಕ್ಯಾಮೆರಾಗೆ ಕರೆಂಟ್ ನಿಲ್ಲಿಸುತ್ತದೆ. ಎಂಜಿನ್ ಆಫ್ ಮಾಡಿ ತುಂಬ ಹೊತ್ತು ಬಿಟ್ಟ ಮೇಲೆ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.2 ಇದ್ದರೆ ಹೆಚ್ಚುಕಮ್ಮಿ ಅರ್ಧ ಆಗಿದೆ. ಕಟ್ ಆಫ್ 12.2ಕ್ಕೆ ಇಡಿ. 11.6ಕ್ಕೆ ಇಟ್ಟರೆ ಜಾಸ್ತಿ ಹೊತ್ತು ರೆಕಾರ್ಡ್ ಆಗುತ್ತದೆ ನಿಜ, ಆದರೆ ಬೆಳಿಗ್ಗೆ ಸೆಲ್ಫ್ ಎತ್ತೋದಿಲ್ಲ. ಬನಶಂಕರಿಯಿಂದ ಜಯನಗರಕ್ಕೆ ಮಾತ್ರ ಓಡುವ ಗಾಡಿಯಾದರೆ ರಾತ್ರಿ ಖರ್ಚಾದದ್ದು ಹಗಲು ಪೂರ್ತಿ ತುಂಬೋದೂ ಇಲ್ಲ.

ಪ್ರಶ್ನೆ (ಯಲಹಂಕದ ಸದಸ್ಯೆ):
ಸರ್, ನಮ್ಮನೆಯವರು ಅಂಗಡಿಯಲ್ಲಿ ಹಾಕಿಸಿಕೊಂಡು ಬಂದರು. ಮುಂದಿನ ಗಾಜಿನ ಪಕ್ಕದ ಕಂಬದ ಬೀಡಿಂಗ್ ಒಳಗೆ ವೈರ್ ತಳ್ಳಿದ್ದಾರೆ. ನಮ್ಮ ಗಾಡಿಗೆ ಅಲ್ಲಿ ಏರ್‌ಬ್ಯಾಗ್ ಇದೆ. ಪರವಾಗಿಲ್ಲವಾ?

ಉತ್ತರ:
ಒಂದು ಸಲ ತೆಗೆಸಿ ನೋಡಲೇಬೇಕು ಮೇಡಂ. ಆ ಕಂಬದಿಂದ ಚಾವಣಿ ಅಂಚಿನವರೆಗೆ ಕರ್ಟನ್ ಏರ್‌ಬ್ಯಾಗ್ ಮಡಿಸಿ ಇಟ್ಟಿರುತ್ತಾರೆ. ವೈರ್ ಅದರ ಹಿಂದೆ, ಬಾಡಿ ಕಡೆಯಿಂದ ಹೋಗಬೇಕು. ಏರ್‌ಬ್ಯಾಗ್‌ನ ಮುಂದೆ ಅಡ್ಡ ಬಂದಿದ್ದರೆ ಅದು ಬಿಚ್ಚಿಕೊಳ್ಳುವಾಗ ವೈರ್ ತಡೆಯಬಹುದು, ಇಲ್ಲವೇ ಮುಖದ ಕಡೆ ಎಸೆಯಬಹುದು. ಕಂಪನಿ ವೈರ್ ಕಟ್ಟು ಅಲ್ಲೇ ಕೆಳಗೆ ಇಳಿದಿರುತ್ತದೆ. ಕ್ಯಾಮೆರಾ ವೈರನ್ನು ಅದರ ಜೊತೆಗೇ ಬಟ್ಟೆ ಟೇಪ್‌ನಲ್ಲಿ ಕಟ್ಟಿಸಿ. ಏರ್‌ಬ್ಯಾಗ್ ಮೇಲೆ ಟೇಪ್, ಜಿಪ್ ಟೈ ಏನೂ ಬರಬಾರದು. ಇದನ್ನು ಮಾತ್ರ ಮುಂದಕ್ಕೆ ಹಾಕಬೇಡಿ ಮೇಡಂ.

ಪ್ರಶ್ನೆ (ರಾಜಾಜಿನಗರದ ಸದಸ್ಯರು):
ಅಣ್ಣ, ನಮ್ಮ ಭಾವ ಅಮೆರಿಕಾದಿಂದ ಬರುವಾಗ ರೇಡಾರ್ ಡಿಟೆಕ್ಟರ್ (ಪೊಲೀಸರು ವೇಗ ಅಳೆಯುವ ರೇಡಾರ್ ಹತ್ತಿರ ಇದ್ದರೆ ಕೂಗಿ ಎಚ್ಚರಿಸುವ ಸಾಧನ) ತಂದಿದ್ದಾರೆ. ಮೈಸೂರು ರಸ್ತೆಗೆ ಉಪಯೋಗವಾಗುತ್ತೆ ಅಂತಾರೆ. ಅದನ್ನೂ ಹೀಗೇ ಕನೆಕ್ಟ್ ಮಾಡಬಹುದಾ?

ಉತ್ತರ:
ವೈರಿಂಗ್ ಇನ್ನೂ ಸುಲಭ. ಅದು ನೇರವಾಗಿ 12 ವೋಲ್ಟ್‌ನಲ್ಲೇ ನಡೆಯುತ್ತದೆ, ಅದರ ಹಾರ್ಡ್‌ವೈರ್ ಕೇಬಲ್‌ನಲ್ಲಿ ಎರಡೇ ವೈರ್. ಪಾಸಿಟಿವ್ ಅನ್ನು ಎಸಿಸಿ ಫ್ಯೂಸ್‌ಗೆ 2 ಆಂಪ್ ಫ್ಯೂಸ್ ಹಾಕಿ ಕೊಟ್ಟರೆ ಮುಗಿಯಿತು. ನಿಂತ ಗಾಡಿಯಲ್ಲಿ ಅದಕ್ಕೆ ಕೆಲಸ ಇಲ್ಲ, ಹಾಗಾಗಿ ಹಳದಿ ವೈರ್ ಮಾತೇ ಇಲ್ಲ.

ಆದರೆ ನಾನು ಹಾಕಿಕೊಡೋದಿಲ್ಲ, ಕಾರಣ ಹೇಳ್ತೀನಿ. ಆ ಡಿಟೆಕ್ಟರ್ ಹುಡುಕೋದು ರೇಡಾರ್ ಅಲೆಗಳನ್ನು. ಅಮೆರಿಕಾದ ಪೊಲೀಸರು ಬಳಸುವ ಎಕ್ಸ್, ಕೆ, ಕೆಎ ಅನ್ನೋ ಅಲೆಗಳ ಬ್ಯಾಂಡ್‌ಗಳಿಗೆ ಮಾಡಿದ ಸಾಮಾನು ಅದು. ಅಲ್ಲೂ ವರ್ಜೀನಿಯಾ, ವಾಷಿಂಗ್ಟನ್ ಡಿಸಿಯಲ್ಲಿ ಅದಕ್ಕೆ ನಿಷೇಧ ಇದೆ. ಲೇಸರ್ ಗನ್ ಆದರೆ ಕಿರಣ ನಿಮ್ಮ ಗಾಡಿಗೆ ಬಿದ್ದ ಮೇಲೇ ಅದು ಕೂಗೋದು. ಅಷ್ಟರಲ್ಲಿ ವೇಗ ಅಳತೆಯಾಗಿ ಹೋಗಿರುತ್ತದೆ. ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಬರೀ ಫೋಟೋ ತೆಗೆಯೋದು, ಅದರಿಂದ ಹಿಡಿಯೋಕೆ ಯಾವ ಅಲೆಯೂ ಬರೋದಿಲ್ಲ. ಇನ್ನೊಂದು ಕಡೆ, ಎಷ್ಟೋ ಕಾರುಗಳ ಬ್ಲೈಂಡ್ ಸ್ಪಾಟ್ ಸೆನ್ಸರ್ (ಕನ್ನಡಿಯಲ್ಲಿ ಕಾಣದ ಪಕ್ಕದ ಗಾಡಿ ತಿಳಿಸುವುದು) 24 ಗಿಗಾಹರ್ಟ್ಸ್ ರೇಡಾರ್, ಅಂದರೆ ಅದೇ ಕೆ ಬ್ಯಾಂಡ್. ಹೆಬ್ಬಾಳ ಫ್ಲೈಓವರ್ ಮೇಲೆ ಪಕ್ಕದಲ್ಲಿ ಅಂಥ ಕಾರು ಬಂದಾಗಲೆಲ್ಲ ಕಿವಿ ಹತ್ತಿರ ಬಡಿದುಕೊಳ್ಳುತ್ತದೆ. ಮೈಸೂರು ರಸ್ತೆಯಲ್ಲಿ ಕಾರಿಗೆ ಮಿತಿ 100. ಅದರೊಳಗೆ ಹೋಗಿ ಸರ್. ಅಲ್ಲಿ ಆದ ಆಕ್ಸಿಡೆಂಟ್ ಗಾಡಿಗಳನ್ನು ನಾನು ಬಿಚ್ಚಿ ನೋಡಿದ್ದೇನೆ. ಭಾವ ತಂದಿದ್ದನ್ನು ಅವರ ಕೈಗೇ ವಾಪಸ್ ಕೊಟ್ಟುಬಿಡಿ.

ಪ್ರಶ್ನೆ (ವೈಟ್‌ಫೀಲ್ಡ್ ಸದಸ್ಯರು):
ಎಲೆಕ್ಟ್ರಿಕ್ ಕಾರಿಗೂ ಇದೇ ಲೆಕ್ಕಾನಾ?

ಉತ್ತರ:
ಅದರಲ್ಲೂ 12 ವೋಲ್ಟ್ ಸಣ್ಣ ಬ್ಯಾಟರಿ ಇರುತ್ತದೆ, ಕ್ಯಾಮೆರಾ ಅದರಿಂದಲೇ. ಅದು ಇಳಿದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಆನ್ ಆಗೋದಿಲ್ಲ. ಕಟ್ ಆಫ್ ಇಲ್ಲದ ಕಿಟ್ ಹಾಕಬೇಡಿ. ಕಿತ್ತಳೆ ಬಣ್ಣದ ಕೇಬಲ್ ಹೈ ವೋಲ್ಟೇಜ್, ಅದರ ಹತ್ತಿರವೂ ಕೈ ಹಾಕಬೇಡಿ.

ಬನಶಂಕರಿಯ ಸದಸ್ಯರು (ಮತ್ತೆ):
ಅಣ್ಣ, ಎಸ್‌ಪಿ ರೋಡ್‌ನಿಂದ ಮಲ್ಟಿಮೀಟರ್, ಟ್ಯಾಪ್ ತಂದು ನಾನೇ ಹಾಕಿದೆ. ದಿಕ್ಕು ನೋಡಿಯೇ ಕೂರಿಸಿದ್ದೇನೆ. ಕ್ಯಾಮೆರಾ ಚೆನ್ನಾಗಿ ಓಡುತ್ತಿದೆ, ಆದರೆ ಪಾರ್ಕಿಂಗ್ ಮೋಡ್‌ಗೆ ಹೋಗುತ್ತಿಲ್ಲ. ಗಾಡಿ ಲಾಕ್ ಮಾಡಿದ ಮೇಲೂ ಮಾಮೂಲಿ ರೆಕಾರ್ಡಿಂಗೇ ನಡೆಯುತ್ತಿದೆ. ಕೆಂಪು ವೈರ್ ಸಾಕೆಟ್ ಫ್ಯೂಸ್‌ಗೆ ಕೊಟ್ಟಿದ್ದೇನೆ.

ಉತ್ತರ:
ನೀವೇ ಮಾಡಿದ್ದು ಕೇಳಿ ಖುಷಿಯಾಯಿತು ಸರ್. ಕೀ ತೆಗೆದ ಮೇಲೂ ಆ ಸಾಕೆಟ್‌ನಲ್ಲಿ ಕರೆಂಟ್ ಉಳಿಯುತ್ತಿರಬೇಕು. ಕೆಲವು ಗಾಡಿಗಳಲ್ಲಿ ಸಾಕೆಟ್ ಯಾವಾಗಲೂ ಆನ್, ಕೆಲವದರಲ್ಲಿ ಲಾಕ್ ಆಗಿ ಸ್ವಲ್ಪ ಹೊತ್ತಿನ ಮೇಲೆ ಆಫ್. ಎಸಿಸಿ ಆನ್ ಇದೆ ಅಂತಲೇ ಕ್ಯಾಮೆರಾ ತಿಳಿದುಕೊಂಡಿದೆ. ಡ್ರೈವರ್ ಬಾಗಿಲು ತೆಗೆದು, ಅದರ ಲಾಚನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಹಾಗೆ ಮಾಡಿ, ರಿಮೋಟ್‌ನಲ್ಲಿ ಲಾಕ್ ಮಾಡಿ. ಅರ್ಧ ಗಂಟೆ ಬಿಟ್ಟು ಆ ಫ್ಯೂಸ್ ಮೇಲೆ ಮೀಟರ್ ಇಡಿ. ಆಗಲೂ 12 ತೋರಿಸಿದರೆ ಕೆಂಪು ವೈರನ್ನು ಹಿಂದಿನ ವೈಪರ್ ಫ್ಯೂಸ್‌ಗೆ ಬದಲಾಯಿಸಿ, ಅಲ್ಲೂ ಇದೇ ಥರ ಚೆಕ್ ಮಾಡಿಕೊಳ್ಳಿ. ಬಾಗಿಲು ಎಳೆಯುವ ಮೊದಲು ರಿಮೋಟ್‌ನಲ್ಲಿ ಅನ್‌ಲಾಕ್ ಮಾಡಿ ಹಿಡಿಕೆ ಎತ್ತಿ ಲಾಚ್ ಬಿಡಿಸೋದು ಮರೆಯಬೇಡಿ, ಇಲ್ಲದಿದ್ದರೆ ಲಾಚ್ ಹಾಳಾಗುತ್ತದೆ.