ಓದುಗರ ಸ್ಪಂದನ: ರಾತ್ರಿ ಎರಡು ಗಂಟೆಯ ಭಯ

ಕಳೆದ ಸಂಚಿಕೆಯಲ್ಲಿ ಚಿಂತಾಮಣಿಯ ಓದುಗರೊಬ್ಬರ ಪತ್ರವನ್ನು ಹೆಸರಿಲ್ಲದೆ ಪ್ರಕಟಿಸಿದ್ದೆವು. ಮಗಳ ಮದುವೆಗೆಂದು ಪತ್ತಿನ ಸಹಕಾರ ಸಂಘವೊಂದರಲ್ಲಿ ಇಟ್ಟಿದ್ದ ಠೇವಣಿಯು ಸಂಘ ಬಾಗಿಲು ಮುಚ್ಚಿದಾಗ ಕೈತಪ್ಪಿತೆಂದೂ, ಪತಿಯ ಕೆಲಸವೂ ಅದೇ ವರ್ಷ ಹೋಯಿತೆಂದೂ 52 ವರ್ಷದ ಆ ಗೃಹಿಣಿ ಬರೆದಿದ್ದರು. ಆದರೆ ಅವರು ಕೇಳಿದ್ದು ಹಣದ ವಿಚಾರವನ್ನಲ್ಲ. "ಮೂವತ್ತು ವರ್ಷಗಳಿಂದ ದೇವರ ಮುಂದೆ ದೀಪ ಹಚ್ಚುತ್ತಿದ್ದೇನೆ. ದೇವರನ್ನು ನಂಬಿದವರಿಗೆ ಭಯವಿಲ್ಲ ಎನ್ನುತ್ತಾರೆ. ನನಗೆ ಮಾತ್ರ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಬೆಳಗಾಗುವವರೆಗೆ ಎದೆ ಹೊಡೆದುಕೊಳ್ಳುತ್ತದೆ. ನನ್ನ ನಂಬಿಕೆಯಲ್ಲೇ ಕೊರತೆ ಇದೆಯೇ?" ಎಂಬುದು ಅವರ ಪ್ರಶ್ನೆಯಾಗಿತ್ತು.

ಬಂದ ಪತ್ರಗಳು ನಾವೆಣಿಸಿದ್ದಕ್ಕಿಂತ ಹೆಚ್ಚು. ಜ್ಯೋತಿಷಿಗಳ ದೂರವಾಣಿ ಸಂಖ್ಯೆಯನ್ನಷ್ಟೇ ಹೊತ್ತು ಬಂದವುಗಳನ್ನು ಬದಿಗಿರಿಸಿದ್ದೇವೆ, ಕಳುಹಿಸಿದವರು ಮನ್ನಿಸಬೇಕು. ಮೊದಲಿಗೆ ಅತಿ ಚಿಕ್ಕ ಪತ್ರ.

"ಮೂವತ್ತು ವರ್ಷ ದೀಪ ಹಚ್ಚಿದ ಲೆಕ್ಕವನ್ನು ಇಟ್ಟಿದ್ದೀರಿ. ಅದೂ ಠೇವಣಿಯೇ ಆಗಿತ್ತೇ, ಬಡ್ಡಿ ಕೇಳಲು?"
— ನಿವೃತ್ತ ಶಿಕ್ಷಕರು, ತಿಪಟೂರು

ಮಾತು ಹರಿತವಾಗಿದೆ. ದೀಪ ಹಚ್ಚಿದವರಿಗೆ ಇಂಥ ಮಾತು ಹೊಸದೂ ಅಲ್ಲವೆಂಬುದನ್ನು ಮುಂದಿನ ಪತ್ರ ತಿಳಿಸುತ್ತದೆ.

"ಅಕ್ಕ, ನಿಮ್ಮ ಪತ್ರದ ಕೊನೆಯ ಸಾಲನ್ನು ಓದಿದವಳು ಪತ್ರಿಕೆಯನ್ನು ಮಡಚಿಟ್ಟು ಹಿಪ್ಪುನೇರಳೆ ತೋಟಕ್ಕೆ ಹೋದೆ. ಸಂಜೆಯವರೆಗೂ ಯಾರೊಂದಿಗೂ ಮಾತನಾಡಲಿಲ್ಲ. ನೀವು ಆ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಂಡಿದ್ದೀರಿ. ನನಗಾದರೆ ಹತ್ತು ಜನರ ಮುಂದೆ ಬೇರೆಯವರು ಕೇಳಿದ್ದರು.

ನಮ್ಮದು ಎರಡೂವರೆ ಎಕರೆ. ನಂದಿಬೆಟ್ಟದ ಸುತ್ತ ಪಿನಾಕಿನಿಯೂ ಪಾಲಾರೂ ಹುಟ್ಟುತ್ತವೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅವುಗಳಲ್ಲಿ ವರ್ಷವಿಡೀ ನೀರು ಹರಿದದ್ದನ್ನು ಮಾತ್ರ ನಾನು ಕಂಡಿಲ್ಲ. ಹಳೆಯ ಬೋರು 2012ರಲ್ಲಿ ಬತ್ತಿದಾಗ ನಮ್ಮ ಯಜಮಾನರು ಮೊದಲು 900 ಅಡಿ ಕೊರೆಸಿದರು, ಆಮೇಲೆ 1,200, ಕೊನೆಗೆ 1,400. ಪ್ರತಿ ಸಲವೂ ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ನೀರಿನ ಪಾಯಿಂಟ್ ನೋಡುವವರು ಬಂದರು, ಪ್ರತಿ ಸಲವೂ ಬೋರಿನ ಲಾರಿಗೆ ಪೂಜೆ ಮಾಡಿ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು, ಪ್ರತಿ ಸಲವೂ ರಾತ್ರಿಯಿಡೀ ಕಲ್ಲಿನ ಧೂಳೆದ್ದು ಬೆಳಗಿನ ಹೊತ್ತಿಗೆ ಮನೆಯ ಹೆಂಚು, ಹಸುವಿನ ಬೆನ್ನು, ನಮ್ಮ ತಲೆಗೂದಲು ಎಲ್ಲವೂ ಬೆಳ್ಳಗಾದವು. ಮೂರನೆಯದೂ ಧೂಳಾದ ನಾಲ್ಕು ತಿಂಗಳಿಗೆ, ಎದೆನೋವೆಂದು ಮಲಗಿದ ಅವರು ಏಳಲಿಲ್ಲ.

ತಿಥಿಯ ದಿನ ಊಟದ ಪಂಕ್ತಿಯಲ್ಲೇ ನನ್ನ ಓರಗಿತ್ತಿ, 'ಕೈವಾರದ ತಾತಯ್ಯನಿಗೆ ಹೊತ್ತ ಹರಕೆಯನ್ನು ತೀರಿಸಲಿಲ್ಲ, ದೇವರಲ್ಲಿ ಭಕ್ತಿ ಇದ್ದಿದ್ದರೆ ಹೀಗಾಗುತ್ತಿತ್ತೇ?' ಎಂದಳು. ನೀರು ಸಿಕ್ಕರೆ ನೂರು ಜನರಿಗೆ ಅನ್ನ ಹಾಕಿಸುತ್ತೇನೆಂದು ನಾನು ಹೇಳಿಕೊಂಡಿದ್ದು ನಿಜ. ನೀರೇ ಸಿಗದ ಮೇಲೆ ತೀರಿಸಬೇಕಾದ ಹರಕೆ ಯಾವುದೆಂದು ಕೇಳುವ ಧೈರ್ಯ ಆಗ ನನಗಿರಲಿಲ್ಲ. ಮೂರು ವರ್ಷ ನಮ್ಮ ಮನೆಯಲ್ಲಿ ದೀಪ ಹಚ್ಚಲಿಲ್ಲ. ಹಚ್ಚಿದರೆ ಅವಳ ಮಾತನ್ನು ಒಪ್ಪಿಕೊಂಡಂತೆ ಎಂದೆನಿಸುತ್ತಿತ್ತು.

ಪಕ್ಕದ ಜಮೀನಿನವರು ತಮ್ಮ ಬೋರಿನಿಂದ ವಾರಕ್ಕೆ ಎರಡು ಸಲ ನೀರು ಬಿಡಲು ಒಪ್ಪಿದ ಮೇಲೆ 50 ಚಿಟ್ಟೆಗಳ ಮೊಟ್ಟೆಯಿಂದಾದ ಚಾಕಿ, ಅಂದರೆ ರೇಷ್ಮೆಯ ಮರಿಹುಳು, ತಂದು ಮತ್ತೆ ಹುಳು ಸಾಕಲು ತೊಡಗಿದೆ. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದ ಹುಳುವಿಗೆ ಹಗಲಿರುಳೆಂಬುದಿಲ್ಲ. ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಐದರಲ್ಲಿ ನಾಲ್ಕು ಪಾಲನ್ನು ಆ ಕೊನೆಯ ಒಂದು ವಾರದಲ್ಲೇ ತಿನ್ನುತ್ತದೆ. ಎರಡು ಗಂಟೆಗೆ ನನಗೂ ಎಚ್ಚರವಾಗುತ್ತಿತ್ತು. ಎದ್ದು ಹುಳುಮನೆಗೆ ಹೋಗಿ ಸೊಪ್ಪು ಹಾಕಿದರೆ, ಅವು ಮೇಯುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಕೇಳಿಸುತ್ತದೆ. ಸಾಕಿದವರಿಗೆ ಅದು ಗೊತ್ತು. ಮಳೆ ಕೈಕೊಟ್ಟ ಆ ವರ್ಷ ಆ ಸದ್ದಿನ ನಡುವೆ ನಿಂತು, ಮೂರು ವರ್ಷಗಳ ಬಳಿಕ ಮೊದಲ ಬಾರಿಗೆ ಕೈ ಮುಗಿದೆ. ಏನನ್ನೂ ಬೇಡಲಿಲ್ಲ. ಬೇಡಲು ಏನೂ ತೋಚಲೇ ಇಲ್ಲ.

ಆ ಬೆಳೆ ಚೆನ್ನಾಗಿ ಬಂತೆಂದು ಬರೆದರೆ ನಿಮಗೆ ಸಮಾಧಾನವಾಗುತ್ತಿತ್ತೇನೋ. ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಯ ತಟ್ಟಿಗೆ ಬಿಡುವ ಹೊತ್ತಿಗೆ ಹಾಲು ರೋಗ ತಗುಲಿ ಅರ್ಧಕ್ಕರ್ಧ ಹೋಯಿತು. ಆ ರಾತ್ರಿ ಮತ್ತೆ ಭಯವಾಯಿತು. ಆದರೆ ಆ ಭಯದೊಳಗೆ ನಾನೊಬ್ಬಳೇ ಕುಳಿತಿದ್ದೇನೆ ಎಂದು ಅನ್ನಿಸಲಿಲ್ಲ. ನಾನು ನಂಬಿಕೆ ಎನ್ನುವುದು ಇಷ್ಟನ್ನೇ. ತಿಳಿದವರು ಇದಕ್ಕೆ ಬೇರೆ ಹೆಸರು ಕೊಡಬಹುದು. ಕಳೆದ ವರ್ಷ ಕೈವಾರಕ್ಕೆ ಹೋಗಿ ಕೈಲಾದಷ್ಟು ಅಕ್ಕಿ ಕೊಟ್ಟು ಬಂದೆ. ಹರಕೆಯೆಂದಲ್ಲ, ಅಲ್ಲಿ ಬಂದವರಿಗೆಲ್ಲ ಅನ್ನ ಹಾಕುತ್ತಾರೆ, ಅದಕ್ಕೆ. ಓರಗಿತ್ತಿಯೂ ಜೊತೆಗೆ ಬಂದಿದ್ದಳು. ಅಂದು ಆಡಿದ ಮಾತನ್ನು ಅವಳು ಮರೆತಿದ್ದಾಳೆ. ನಾನು ಮರೆತಿಲ್ಲ."
— ರೇಷ್ಮೆ ಬೆಳೆಗಾರ್ತಿ, ಶಿಡ್ಲಘಟ್ಟ ತಾಲ್ಲೂಕು

ಈ ಪತ್ರದ ಒಂದು ಸಾಲನ್ನೂ ಕತ್ತರಿಸಲು ನಮಗೆ ಮನಸ್ಸು ಬರಲಿಲ್ಲ. ತುಮಕೂರಿನ ಹಿರಿಯರೊಬ್ಬರು ವಿಷಯವನ್ನು ಬೇರೊಂದು ಕಡೆಯಿಂದ ಹಿಡಿದಿದ್ದಾರೆ.

"ಜೀವ ವಿಮಾ ನಿಗಮದ ಪ್ರತಿನಿಧಿಯಾಗಿ 31 ವರ್ಷ ದುಡಿದವನು ನಾನು. ನಿಗಮದ ಲಾಂಛನದಲ್ಲಿರುವ 'ಯೋಗಕ್ಷೇಮಂ ವಹಾಮ್ಯಹಂ' ಎಂಬ ಮಾತನ್ನು ಎಷ್ಟೋ ಮನೆಗಳ ಜಗಲಿಯಲ್ಲಿ ಕುಳಿತು ವಿವರಿಸಿದ್ದೇನೆ. ಅದು ಭಗವದ್ಗೀತೆಯ 9ನೇ ಅಧ್ಯಾಯದ 22ನೇ ಶ್ಲೋಕದ್ದು. ಯೋಗವೆಂದರೆ ಇಲ್ಲದ್ದು ದೊರೆಯುವುದು, ಕ್ಷೇಮವೆಂದರೆ ದೊರೆತದ್ದು ಉಳಿಯುವುದು. ಅನನ್ಯವಾಗಿ ನನ್ನನ್ನು ನೆನೆಯುವವರಿಗಾಗಿ ಈ ಎರಡನ್ನೂ ನಾನೇ ಹೊರುತ್ತೇನೆ ಎಂದು ಕೃಷ್ಣ ಹೇಳುತ್ತಾನೆ. ಆದರೆ ಕೃಷ್ಣ ಕಂತು ಕೇಳುವುದಿಲ್ಲ, 1956ರಲ್ಲಿ ಹುಟ್ಟಿದ ನಿಗಮ ಕೇಳುತ್ತದೆ. ಈ ವ್ಯತ್ಯಾಸವನ್ನು ಮರೆತವರ ಪಾಲಿಸಿಗಳು ರದ್ದಾದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಆ ತಾಯಿಗೂ ಇತರ ಓದುಗರಿಗೂ ಒಂದು ತಿಳಿವಳಿಕೆ. ಬ್ಯಾಂಕಿನಲ್ಲಿ, ಅದು ಸಹಕಾರಿ ಬ್ಯಾಂಕೇ ಆಗಿರಲಿ, ಒಬ್ಬರು ಇಟ್ಟ ಹಣಕ್ಕೆ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. 2020ರ ಫೆಬ್ರುವರಿಗೆ ಮುನ್ನ ಆ ಮಿತಿ 1 ಲಕ್ಷವಿತ್ತು. ಪತ್ತಿನ ಸಹಕಾರ ಸಂಘದ ಠೇವಣಿಗೆ ಈ ವಿಮೆ ಇಲ್ಲವೇ ಇಲ್ಲ. ಫಲಕದಲ್ಲಿ 'ಬ್ಯಾಂಕು' ಎಂದಿದೆಯೋ 'ಸಂಘ' ಎಂದಿದೆಯೋ ಎಂಬುದನ್ನು ಹಣ ಇಡುವ ಮೊದಲೇ ಓದಬೇಕಿತ್ತು."
— ನಿವೃತ್ತ ವಿಮಾ ಪ್ರತಿನಿಧಿ, ತುಮಕೂರು

"ನಾನು ರೇಷ್ಮೆಗೂಡಿನಿಂದ ನೂಲು ಬಿಚ್ಚುವವನು. ಗೂಡಿನ ಬೆಲೆ ಏರಿದರೆ ನನಗೆ ಕಷ್ಟ, ಇಳಿದರೆ ಬೆಳೆಗಾರರಿಗೆ ಕಷ್ಟ. ದೇವರು ಇಬ್ಬರ ಪ್ರಾರ್ಥನೆಯನ್ನೂ ಒಂದೇ ದಿನ ಕೇಳಿಸಿಕೊಳ್ಳಬೇಕು. ನಮ್ಮಲ್ಲಿ 'ತವಕ್ಕುಲ್' ಎಂಬ ಮಾತಿದೆ, ಅಲ್ಲಾಹನ ಮೇಲೆ ಭಾರ ಹಾಕುವುದು ಎಂದರ್ಥ. ಒಂಟೆಯನ್ನು ಕಟ್ಟಿ ಭಾರ ಹಾಕಲೇ, ಕಟ್ಟದೆ ಬಿಟ್ಟು ಭಾರ ಹಾಕಲೇ ಎಂದು ಒಬ್ಬಾತ ಕೇಳಿದಾಗ, ಮೊದಲು ಕಟ್ಟು, ಆಮೇಲೆ ಭಾರ ಹಾಕು ಎಂದು ಪ್ರವಾದಿಯವರು ಹೇಳಿದರು. ಆ ಸಹೋದರಿ ತಮ್ಮ ಒಂಟೆಯನ್ನು ಕಟ್ಟಿಯೇ ಇದ್ದರು, ಮದುವೆಗೆಂದು ಕೂಡಿಟ್ಟಿದ್ದರು. ಹಗ್ಗ ಬಿಚ್ಚಿದವರು ಬೇರೆ. ಅದಕ್ಕೆ ಅವರ ನಂಬಿಕೆಯನ್ನು ತೂಕಕ್ಕೆ ಹಾಕುವುದೇಕೆ?"
— ರೀಲರ್, ಶಿಡ್ಲಘಟ್ಟ

ತುಮಕೂರಿನ ಹಿರಿಯರು ಕೊಟ್ಟ ಮಾಹಿತಿಗೆ ನಾವು ಕೃತಜ್ಞರು. ಅವರ ಕೊನೆಯ ವಾಕ್ಯಕ್ಕೆ ರೀಲರ್ ಅವರು, ತಮಗೆ ಅರಿವಿಲ್ಲದೆಯೇ, ಉತ್ತರ ಬರೆದಿದ್ದಾರೆ.

"ಮಾನ್ಯರೇ, ನಮ್ಮೂರಿನಲ್ಲಿ ಮಳೆಗಾಗಿ ಕತ್ತೆಗಳ ಮದುವೆ ಮಾಡಿಸಿದೆವು, ಮಳೆರಾಯನನ್ನು ಹೊತ್ತು ಮನೆಮನೆ ತಿರುಗಿದೆವು, ಕೋಲಾರಮ್ಮನಿಗೆ ಹರಕೆ ಹೊತ್ತೆವು. 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ನೀರು ಬರತೊಡಗಿತು. ಅದು ಮೋಡದಿಂದ ಬಂದದ್ದಲ್ಲ. ಬೆಂಗಳೂರಿನವರು ಬಳಸಿ ಬಿಟ್ಟ ಕೊಳಚೆಯನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ, ಕೆ.ಸಿ. ವ್ಯಾಲಿ ಯೋಜನೆಯ ಕೊಳವೆಗಳಲ್ಲಿ ಹರಿಸಿದ ನೀರು. ಮೂರನೇ ಹಂತದ ಸಂಸ್ಕರಣೆ ಆಗಲೇಬೇಕೆಂದು ನಾವು ಕೇಳುತ್ತಲೇ ಬಂದಿದ್ದೇವೆ, ಅದು ಬೇರೆ ಮಾತು. ಬತ್ತಿದ್ದ ಬೋರು ಮತ್ತೆ ನೀರು ಎತ್ತಿದಾಗ ನನ್ನ ತಾಯಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಇದನ್ನು ದೇವರ ಕೃಪೆ ಎನ್ನಬೇಕೋ ಬೇಡವೋ ಎಂಬುದು ಅರಳಿಕಟ್ಟೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಕೇಳಿದ ರೂಪದಲ್ಲೇ ಬರಲಿ ಎಂದು ಹಠ ಹಿಡಿಯಬಾರದು ಎಂಬುದಷ್ಟೇ ನನ್ನ ಅಭಿಪ್ರಾಯ."
— ರೈತ, ಕೋಲಾರ ತಾಲ್ಲೂಕು

ಇವರು ಟೊಮೆಟೊ ಧಾರಣೆಯ ಬಗ್ಗೆ ಬರೆದ ಇನ್ನೆರಡು ಪುಟಗಳನ್ನು ಸ್ಥಳಾಭಾವದಿಂದ ಬಿಟ್ಟಿದ್ದೇವೆ.

"ನಮ್ಮ ಜಮೀನು ಪಾವಗಡದ ಸೋಲಾರ್ ಪಾರ್ಕಿಗೆ 28 ವರ್ಷಗಳ ಗುತ್ತಿಗೆಗೆ ಹೋಗಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಹಣ ಮಳೆ ಬಂದರೂ ಬರುತ್ತದೆ, ಬಾರದಿದ್ದರೂ ಬರುತ್ತದೆ. ಬರಗಾಲದಲ್ಲೇ ಬದುಕು ಸವೆಸಿದ ನಮ್ಮಪ್ಪ ಇಂಥ ಭದ್ರತೆಯನ್ನು ಕನಸಿನಲ್ಲೂ ಕಂಡಿರಲಿಲ್ಲ. ಆದರೂ ಶನಿವಾರ ಶನಿಮಹಾತ್ಮನ ಗುಡಿಯ ಸಾಲಿನಲ್ಲಿ ನಿಂತಾಗ ನನ್ನ ಹಿಂದೆ ಮುಂದೆ ಗುತ್ತಿಗೆ ಹಣ ಪಡೆಯುವವರೇ ಕಾಣುತ್ತಾರೆ. ಕಳೆದ ಹಣ ಮರಳಿದರೆ ಭಯ ಹೋದೀತೆಂದು ಆ ಅಮ್ಮನವರು ತಿಳಿಯುವುದು ಬೇಡ. ಗುತ್ತಿಗೆ ಮುಗಿದು ಜಮೀನು ಕೈಗೆ ಬರುವ ವರ್ಷ ನನ್ನ ಮಗನಿಗೆ ಮೇಳಿ ಹಿಡಿಯಲು ಬರುತ್ತದೆಯೇ ಎಂದು ಯೋಚಿಸುತ್ತ ನಾನೂ ಎರಡು ಗಂಟೆಗೆ ಎದ್ದು ಕೂರುತ್ತೇನೆ."
— ಪಾವಗಡ ತಾಲ್ಲೂಕಿನ ಓದುಗ

ಮುಂದಿನದನ್ನು, ಪ್ರಶ್ನೆ ಕೇಳಿದ್ದ ಚಿಂತಾಮಣಿಯ ಗೃಹಿಣಿ ಎಲ್ಲಕ್ಕಿಂತ ಮೊದಲು ಓದಲೆಂಬುದು ನಮ್ಮ ಕೋರಿಕೆ.

"ಅಮ್ಮ, ನಡುರಾತ್ರಿ ಎಚ್ಚರವಾಗಿ ಎದೆ ಹೊಡೆದುಕೊಳ್ಳುವುದಕ್ಕೆ ಥೈರಾಯ್ಡ್ ಕಾರಣವಿರಬಹುದು, ರಕ್ತಹೀನತೆ ಕಾರಣವಿರಬಹುದು, ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವುದು ಕಾರಣವಿರಬಹುದು, ಆತಂಕದ ಕಾಯಿಲೆಯೂ ಇರಬಹುದು. ಇವುಗಳಲ್ಲಿ ಯಾವುದನ್ನೂ ದೇವರ ಮೇಲಿನ ನಂಬಿಕೆ ಸಾಲದೆಂದು ಹೇಳಿ ಬಗೆಹರಿಸಲು ಆಗದು. ಮೊದಲು ವೈದ್ಯರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ. ಮನಸ್ಸಿನ ಸಂಕಟವನ್ನು ಹೇಳಿಕೊಳ್ಳಲು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಎರಡು ಗಂಟೆಗೆ ಕರೆ ಮಾಡಿದರೂ ಕನ್ನಡದಲ್ಲೇ ಮಾತನಾಡುತ್ತಾರೆ, ಖರ್ಚಿಲ್ಲ. ನಾನೂ ದೇವರ ಫೋಟೊಗೆ ಕೈ ಮುಗಿದೇ ಡ್ಯೂಟಿಗೆ ಹೊರಡುವವಳು. ಆದರೆ ಮಾತ್ರೆಯನ್ನು ತಪ್ಪಿಸುವುದಿಲ್ಲ."
— ಶುಶ್ರೂಷಕಿ, ಶಿರಾ

48 ದಿನಗಳ ಪಾರಾಯಣವನ್ನು ಸೂಚಿಸಿದ ಹಲವರಿಗೆ ವಂದನೆಗಳು; ಇದನ್ನೂ ಅದನ್ನೂ ಒಟ್ಟಿಗೆ ಮಾಡಲು ಅಡ್ಡಿಯಿಲ್ಲ. ಈ ಪತ್ರ ಪುಟ ಮುಗಿಯುವ ಹೊತ್ತಿಗೆ ಬಂತು.

"ಬಸ್ ನಿಲ್ದಾಣದ ಎದುರಿನ ಮಹಡಿಯ ಮೇಲಿದ್ದ ಸಂಘವೇ ಇರಬೇಕೆಂದು ನನ್ನ ಊಹೆ. ಅಲ್ಲದಿದ್ದರೂ ಅಡ್ಡಿಯಿಲ್ಲ. ಅಲ್ಲಿ ಹಣ ಕಳೆದುಕೊಂಡ ನಾವು ಹದಿನೇಳು ಮಂದಿ ಸೇರಿ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ದಾವೆ ಹೂಡಿದ್ದೇವೆ. ವಿಚಾರಣೆಯ ದಿನ ಬೆಳಗಿನ ಬಸ್ಸಿಗೆ ಚಿಕ್ಕಬಳ್ಳಾಪುರಕ್ಕೆ ಹೊರಡುತ್ತೇವೆ. ಹಣ ಬರುತ್ತದೆಂದು ನಾನು ಹೇಳಲಾರೆ. ನಮ್ಮಲ್ಲಿ ಇಬ್ಬರು ದೇವರು ಕೊಡಿಸಿಯೇ ಕೊಡಿಸುತ್ತಾನೆ ಎನ್ನುತ್ತಾರೆ, ಒಬ್ಬರು ದೇವರೇ ಇಲ್ಲ ಎನ್ನುತ್ತಾರೆ, ಚಿತ್ರಾನ್ನದ ಡಬ್ಬಿ ತರುವವರು ಆ ಇಲ್ಲವೆನ್ನುವವರೇ. ಹೋಗುವ ದಾರಿಯಲ್ಲಿ ಕೆಲವರು ಭಜನೆ ಹೇಳುತ್ತಾರೆ, ಹಾಡಲು ಬಾರದವರು ಕಾಗದಪತ್ರಗಳ ಚೀಲ ಹಿಡಿದುಕೊಳ್ಳುತ್ತಾರೆ. ಚೀಲ ಈಗ ಎರಡಾಗಿವೆ. ಇನ್ನೊಂದನ್ನು ಹಿಡಿಯಲು ಒಬ್ಬರು ಬೇಕಾಗಿದ್ದಾರೆ."
— ಓದುಗ, ಚಿಂತಾಮಣಿ

ಈ ಪತ್ರವನ್ನು ವಿಳಾಸದೊಂದಿಗೆ ಅವರಿಗೆ ತಲುಪಿಸಿದ್ದೇವೆ.