ಗದ್ದದ ಕೂದಲಿಗೆ ಲೇಸರ್ ಮಾಡಿಸ್ಬಹುದಾ? ಚರ್ಮದ ಡಾಕ್ಟ್ರ ಹತ್ರ ಕೇಳಿದ್ದು

ಪ್ರಶ್ನೆ (ಗೋಣಿಕೊಪ್ಪ):
ನಮಸ್ತೆ ಮೇಡಂ. ನಂಗೆ 26 ವರ್ಷ. ಗದ್ದದ ಕೆಳಗೆ, ಕಿವಿ ಹತ್ರ ದಪ್ಪ ಕೂದಲು ಬರ್ತಾ ಇದೆ, ಎರಡು ವಾರಕ್ಕೊಂದ್ಸಲ ಥ್ರೆಡ್ಡಿಂಗ್ ಮಾಡಿಸಿ ಮಾಡಿಸಿ ಆ ಜಾಗದಲ್ಲಿ ಸಣ್ಣ ಗುಳ್ಳೆ ಎದ್ದು ಕಪ್ಪಾಗಿದೆ. ಏಪ್ರಿಲ್ ಕೊನೇಲಿ ಮದುವೆ. ಪಾರ್ಲರಲ್ಲಿ ಲೇಸರ್ ಪ್ಯಾಕೇಜ್ ಇದೆ, ಆರು ಸಿಟ್ಟಿಂಗ್ ಅಷ್ಟೇ ಆಮೇಲೆ ಜನ್ಮದಲ್ಲಿ ಬರಲ್ಲ ಅಂತಾರೆ. ಅಮ್ಮ ಮಾತ್ರ ಕ್ಯಾನ್ಸರ್ ಬರುತ್ತೆ, ಮುಂದೆ ಮಕ್ಕಳಾಗೋಕೆ ತೊಂದ್ರೆ ಅಂತ ಬಿಡ್ತಾನೇ ಇಲ್ಲ. ಈಗ ರೊಬಸ್ಟಾ ಕಾಫಿ ಕುಯ್ಲು ಅಲ್ವಾ, ದಿನವಿಡೀ ಕಾಫಿ ಒಣಗಿಸೋ ಕಣದಲ್ಲೇ ಇರ್ತೀನಿ, ಮುಖ ಕೈ ಎಲ್ಲ ಕಪ್ಪಾಗಿದೆ. ಮಾಡಿಸ್ಬಹುದಾ? ಪೀರಿಯಡ್ಸ್ ಎರಡು ಮೂರು ತಿಂಗಳಿಗೊಂದ್ಸಲ ಆಗೋದು, ಅದಕ್ಕೂ ಇದಕ್ಕೂ ಸಂಬಂಧ ಇದ್ಯಾ?

ಉತ್ತರ (ಚರ್ಮರೋಗ ವೈದ್ಯೆ):
ಕೊನೇ ಸಾಲಲ್ಲಿ ಬರ್ದಿದ್ದೀರಲ್ಲ, ನಂಗೆ ಅದೇ ಎಲ್ಲಕ್ಕಿಂತ ಮೊದಲು. ಗದ್ದದಲ್ಲಿ ದಪ್ಪ ಕೂದಲು, ಜೊತೆಗೆ ಮುಟ್ಟು ಏರುಪೇರು ಅಂದ್ರೆ ಪಿಸಿಒಡಿ, ಅಂದ್ರೆ ಅಂಡಾಶಯದ ಹಾರ್ಮೋನ್ ತೊಂದ್ರೆ, ಇರಬಹುದು, ಥೈರಾಯ್ಡನ್ನೂ ನೋಡ್ಬೇಕು. ಒಳಗೆ ಹಾರ್ಮೋನ್ ಸರಿ ಇಲ್ದೆ ಮೇಲೆ ಎಷ್ಟು ಲೇಸರ್ ಹೊಡೆಸಿದ್ರೂ ಹೊಸ ಕೂದಲು ಹುಟ್ತಾನೇ ಇರುತ್ತೆ, ದುಡ್ಡು ಹೋಗುತ್ತೆ ಬೇಜಾರು ಉಳಿಯುತ್ತೆ.

ಅಮ್ಮಂಗೆ ಧೈರ್ಯವಾಗಿ ಹೇಳಿ, ಇದು ಎಕ್ಸ್‌ರೇ ಥರದ್ದಲ್ಲ, ಬರೀ ಬೆಳಕು, ಚರ್ಮದೊಳಗೆ ಕೆಲವು ಮಿಲಿಮೀಟರ್ ಹೋಗಿ ಅಲ್ಲೇ ಮುಗಿಯುತ್ತೆ. ಗರ್ಭಕೋಶದವರೆಗೆ ಹೋಗೋ ಮಾತೇ ಇಲ್ಲ. ಇದರಿಂದ ಕ್ಯಾನ್ಸರ್ ಬರುತ್ತೆ ಅನ್ನೋದಕ್ಕೂ ಆಧಾರ ಇಲ್ಲ. ಬಸುರಿಯಾಗಿದ್ದಾಗ ನಾವು ಮಾಡಲ್ಲ, ಯಾಕಂದ್ರೆ ಆ ಸಮಯದಲ್ಲಿ ಯಾರೂ ಸರಿಯಾಗಿ ಪರೀಕ್ಷೆ ಮಾಡಿ ನೋಡಿಲ್ಲ, ಅಷ್ಟೇ.

ನಿಜವಾದ ಅಪಾಯ ಸುಟ್ಟ ಗಾಯ, ಅದು ನಮ್ಮ ಚರ್ಮಕ್ಕೆ ಜಾಸ್ತಿ. ಲೇಸರ್‌ಗೆ ಯಾವ್ದು ಕೂದಲು ಯಾವ್ದು ಚರ್ಮ ಅಂತ ಗೊತ್ತಾಗಲ್ಲ, ಕಪ್ಪು ಬಣ್ಣ ಅಂದ್ರೆ ಮೆಲನಿನ್ ಎಲ್ಲಿದ್ಯೋ ಅಲ್ಲಿ ಬೆಳಕು ಹೀರಿಕೊಂಡು ಬಿಸಿ ಆಗುತ್ತೆ. ಬೇರು ಸುಡ್ಬೇಕು, ಮೇಲಿನ ಚರ್ಮ ಸುಡಬಾರ್ದು. ಕಣದ ಬಿಸಿಲಲ್ಲಿ ನಿಂತು ನಿಂತು ಮುಖ ಕಪ್ಪಾಗಿರೋ ಈಗ ಮಾಡಿಸಿದ್ರೆ ಆ ಬಿಸಿ ಅರ್ಧ ಮೇಲೇ ನಿಲ್ಲುತ್ತೆ, ಗುಳ್ಳೆ ಏಳುತ್ತೆ, ಆಮೇಲೆ ಕಲೆ ಹೋಗೋಕೆ ತಿಂಗಳುಗಟ್ಟಲೆ ಬೇಕು. ಹಾಗಾಗಿ ಈಗ ಬೇಡ. ಏಪ್ರಿಲ್ ಒಳಗೆ ಎರಡೋ ಮೂರೋ ಸಿಟ್ಟಿಂಗ್ ಆದೀತು ಅಷ್ಟೇ, ಅಷ್ಟಕ್ಕೆ ಮದುವೆ ಮುಖದ ಮೇಲೆ ಕಲೆ ತಂದ್ಕೋಬೇಡಿ.

ಬಿಸಿಲು ಕಮ್ಮಿ ಆದ್ಮೇಲೆ ಜೂನಲ್ಲಿ ಶುರು ಮಾಡಿ. ಮುಖಕ್ಕೆ ನಾಲ್ಕರಿಂದ ಆರು ವಾರಕ್ಕೊಂದು, ನವೆಂಬರ್-ಡಿಸೆಂಬರ್‌ನ ಪುತ್ತರಿ ಹಬ್ಬದ ಹೊತ್ತಿಗೆ ಆರು ಮುಗಿಯುತ್ತೆ. ಅಷ್ಟು ಅಂತರ ಯಾಕೆ ಅಂದ್ರೆ ಬೆಳೀತಾ ಇರೋ ಕೂದಲಿಗೆ ಮಾತ್ರ ಲೇಸರ್ ನಾಟುತ್ತೆ, ಮಲಗಿರೋ ಬೇರು ಏಳೋವರೆಗೆ ಕಾಯ್ಬೇಕು. ಜನ್ಮದಲ್ಲಿ ಬರಲ್ಲ ಅನ್ನೋದು ಸುಳ್ಳು. ತುಂಬಾ ಕಮ್ಮಿ ಆಗುತ್ತೆ, ತೆಳ್ಳಗಾಗುತ್ತೆ, ವರ್ಷಕ್ಕೊಂದೆರಡು ಸಲ ಮತ್ತೆ ಬೇಕಾಗಬಹುದು.

ಪ್ರಶ್ನೆ (ಸೋಮವಾರಪೇಟೆ):
ಮೇಡಂ ನಂಗೆ ಹೀಗೇ ಆಗಿದೆ. ಒಂದು ಕಡೆ ಕಾಲಿಗೆ ಮಾಡಿಸ್ದೆ, ಮೊಣಕಾಲಿಂದ ಕೆಳಗೆ ಆಯತಾಕಾರದಲ್ಲಿ, ಮೆಷಿನ್ ಮೂತಿ ಅಚ್ಚು ಒತ್ತಿದ ಹಾಗೆ ಕಪ್ಪು ಗುರುತು ಬಿದ್ದಿದೆ. ಕೂಲಿಂಗ್ ಇಲ್ಲ, ಟೆಸ್ಟ್ ಮಾಡಿಲ್ಲ, ಉರೀತಿದೆ ಅಂದ್ರೂ ಹಾಗೇ ಇರುತ್ತೆ ಸಹಿಸ್ಕೊಳ್ಳಿ ಅಂದ್ರು. ಹೋಗುತ್ತಾ?

ಉತ್ತರ:
ಓದಿ ಹೊಟ್ಟೆ ಉರೀತು. ರಬ್ಬರ್ ಬ್ಯಾಂಡ್ ಚುರುಕ್ ಅಂದ ಹಾಗೆ ಆಗೋದು ಸಹಜ, ಬೇರು ಸುತ್ತ ಒಂದೆರಡು ದಿನ ಕೆಂಪಗೆ ಊದಿಕೊಂಡಿರೋದೂ ಸಹಜ. ಉರಿ ನಿಲ್ತಾ ಇಲ್ಲ ಅಂದ್ರೆ ಅಲ್ಲೇ ನಿಲ್ಲಿಸ್ಬೇಕಿತ್ತು. ನಿಮ್ಮದು ಬಹುಪಾಲು ನಿಧಾನಕ್ಕೆ ಮಾಸುತ್ತೆ. ಉಜ್ಜಬೇಡಿ, ನಿಂಬೆಹಣ್ಣು ಹಚ್ಚಬೇಡಿ, ಬಿಸಿಲಿಗೆ ಮುಚ್ಕೊಳ್ಳಿ, ಒಂದ್ಸಲ ತೋರಿಸಿ. ನಡುವೆ ಬಿಳೀ ಚುಕ್ಕೆ ಇದ್ರೆ ಬೇಗ ಬನ್ನಿ.

ಎಲ್ಲರೂ ಮಾಡಿಸೋ ಮುಂಚೆ ಇದನ್ನ ಕೇಳಿ: ಯಾವ ಲೇಸರ್? ನಮ್ಮ ಬಣ್ಣಕ್ಕೆ 1064 ನ್ಯಾನೋಮೀಟರ್ ಎನ್‌ಡಿ ಯಾಗ್ ಎಲ್ಲಕ್ಕಿಂತ ಸೇಫ್, ಕೂಲಿಂಗ್ ಚೆನ್ನಾಗಿದ್ದು ಸೆಟ್ಟಿಂಗ್ ಗೊತ್ತಿರೋರ ಕೈಲಿ ಡಯೋಡ್ ಕೂಡ ಆಗುತ್ತೆ. ಐಪಿಎಲ್ ಅಂದ್ರೆ ಅದು ಲೇಸರೇ ಅಲ್ಲ, ಜೋರು ಬೆಳಕು ಮಿಂಚಿಸೋ ಬೇರೆ ಮೆಷಿನ್, ಗಾಢ ಬಣ್ಣದವರಿಗೆ ಸುಡೋ ಸಾಧ್ಯತೆ ಜಾಸ್ತಿ. ಸಣ್ಣ ಜಾಗದಲ್ಲಿ ಟೆಸ್ಟ್ ಪ್ಯಾಚ್ ಮಾಡ್ತಾರಾ? ಕಣ್ಣಿಗೆ ಕನ್ನಡಕ ಕೊಡ್ತಾರಾ? ಹುಬ್ಬಿನ ಕೆಳಗೆ ಮಾಡ್ತೀವಿ ಅಂದವರ ಹತ್ರ ಹೋಗ್ಲೇಬೇಡಿ, ಕಣ್ಣಿಗೆ ಏಟಾಗುತ್ತೆ. ನೋವಾಗದ ಹಾಗೆ ಚರ್ಮ ಮರಗಟ್ಟಿಸೋ ಕ್ರೀಮನ್ನ ಮನೆಯಲ್ಲೇ ಎರಡೂ ಕಾಲಿಗೆ ಬಳಿದು ಪ್ಲಾಸ್ಟಿಕ್ ಸುತ್ಕೊಂಡು ಬರಬೇಡಿ, ಔಷಧಿ ರಕ್ತಕ್ಕೆ ಸೇರಿ ಇಬ್ರು ಯುವತಿಯರು ತೀರ್ಕೊಂಡ ಮೇಲೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲೇ ಈ ಬಗ್ಗೆ ಎಚ್ಚರಿಸಿದೆ.

ಪ್ರಶ್ನೆ (ಮಡಿಕೇರಿ):
ನಂಗೆ 58. ಗದ್ದದಲ್ಲಿ ಬಿಳಿ ಕೂದಲು. ಆಗುತ್ತಾ?

ಉತ್ತರ:
ಆಗಲ್ಲ ಅಮ್ಮ, ಬಿಳಿ ಕೂದಲಲ್ಲಿ ಬಣ್ಣ ಇಲ್ಲ, ಲೇಸರ್ ಹಿಡಿಯಲ್ಲ. ಎಲೆಕ್ಟ್ರಾಲಿಸಿಸ್ ಅಂತಿದೆ, ಒಂದೊಂದೇ ಬೇರಿಗೆ ಸೂಜಿ ಹಾಕಿ ಮಾಡೋದು, ತಾಳ್ಮೆ ಬೇಕು.

ಪ್ರಶ್ನೆ (ಗೋಣಿಕೊಪ್ಪ):
ಥ್ಯಾಂಕ್ಸ್ ಮೇಡಂ, ಅಮ್ಮಂಗೂ ಓದಿ ಹೇಳ್ದೆ. ಮದುವೆವರೆಗೆ ಏನ್ ಮಾಡ್ಲಿ, ಶೇವ್ ಮಾಡಿದ್ರೆ ದಪ್ಪ ಬರುತ್ತೆ ಅಂತಾರಲ್ಲ? ಇನ್ನೊಂದು ವಿಷ್ಯ, ಬೆಳ್ಳಗಾಗೋಕೆ ಅಂತ ಮೆಡಿಕಲ್‌ನಿಂದ ತಂದ ಕ್ರೀಮ್ ವರ್ಷದಿಂದ ರಾತ್ರಿ ಹಚ್ತಾ ಇದೀನಿ, ತೊಂದ್ರೆ ಇಲ್ವಾ?

ಉತ್ತರ:
ಇದನ್ನ ಮೊದಲೇ ಕೇಳ್ಬೇಕಿತ್ತು ನಾನು. ಚೀಟಿ ಇಲ್ದೆ ಸಿಗೋ ಅಂಥ ಎಷ್ಟೋ ಕ್ರೀಮಲ್ಲಿ ಸ್ಟೀರಾಯ್ಡ್ ಇರುತ್ತೆ, ಮೊದಲು ಮುಖ ಬೆಳ್ಳಗೆ ಹೊಳೆಯುತ್ತೆ, ಆಮೇಲೆ ಚರ್ಮ ತೆಳುವಾಗಿ ಮೊಡವೆ ಬರುತ್ತೆ, ಕೂದಲು ಕೂಡ ಬೆಳೆಯುತ್ತೆ! ನಿಮ್ಮ ಕೂದಲಿಗೆ ಅದೂ ಒಂದು ಕಾರಣ ಇರಬಹುದು. ಆದ್ರೆ ಇವತ್ತೇ ಥಟ್ಟಂತ ನಿಲ್ಲಿಸ್ಬೇಡಿ, ಮುಖ ಕೆಂಪೇರಿ ಉರಿಯುತ್ತೆ, ಹೇಗೆ ಬಿಡಿಸ್ಬೇಕು ಅಂತ ನಾನು ನೋಡಿ ಹೇಳ್ತೀನಿ. ತೆಳ್ಳಗಾಗಿರೋ ಆ ಚರ್ಮದ ಮೇಲೆ ಲೇಸರ್ ಹೊಡೆಸೋದಂತೂ ಸದ್ಯಕ್ಕೆ ಬೇಡವೇ ಬೇಡ.

ಶೇವ್ ಮಾಡಿದ್ರೆ ದಪ್ಪ ಆಗಲ್ಲ, ತುದಿ ಮೊಂಡಾಗೋದ್ರಿಂದ ಕೈಗೆ ಒರಟು ಅನ್ಸುತ್ತೆ ಅಷ್ಟೇ. ಹೊಸ ಬ್ಲೇಡ್ ಹಾಕಿ, ಕೂದಲು ಮಲಗಿರೋ ದಿಕ್ಕಿಗೇ ಎಳೀರಿ. ಥ್ರೆಡ್ಡಿಂಗ್ ಬಿಡಿ, ಗುಳ್ಳೆ ತಾನಾಗೇ ಕಮ್ಮಿ ಆಗುತ್ತೆ. ಕಣಕ್ಕೆ ಹೋಗುವಾಗ ಸನ್‌ಸ್ಕ್ರೀನ್ ಹಚ್ಚಿ, ತಲೆಬಟ್ಟೆ ಗದ್ದದವರೆಗೂ ಇಳಿಸಿ ಕಟ್ಟಿ.

ಹಾರ್ಮೋನ್ ಟೆಸ್ಟಿಗೆ ಮುಟ್ಟಾದ ಎರಡರಿಂದ ಐದನೇ ದಿನದೊಳಗೆ ಬೆಳಗ್ಗೆ ರಕ್ತ ಕೊಟ್ರೆ ಒಳ್ಳೇದು. ಬರುವಾಗ ಆ ಕ್ರೀಮ್ ಟ್ಯೂಬ್ ತನ್ನಿ, ಖಾಲಿ ಆಗಿದ್ರೂ ಪರವಾಗಿಲ್ಲ, ಹಿಂದೆ ಬರ್ದಿರೋದು ಓದ್ಬೇಕು.